ಹಸಿರು ಚುಕ್ಕೆ

ನಿದ್ದೆ ಹೋದ ಕೂಸನ್ನು ಹೊತ್ತು ತಂದ ಹಾಗೆ ತಂದು
ನನ್ನ ಮೇಜಿನ ಮೇಲೆ ಇಳಿಸಿದರು ಡಾಕ್ಟರ್ ವೌಟರ್.
ಹಲ್ಲಿನ ಡಾಕ್ಟರು. ಹಾಸೆಲ್ಟಿನ ಅರ್ಧ ಊರಿನ ಬಾಯಿ ಬಲ್ಲವರು.
ಹದಿನೇಳು ಕಿಲೋ ಸಿ.ಡಿ. ಪ್ಲೇಯರು,
ಅದರ ಕಾಲಕ್ಕೆ ಒಂದು ಕಾರಿನ ಬೆಲೆ.

"ಬಿಸಿಯೇರಿದ ಮೇಲೆ ತೊದಲುತ್ತೆ, ಗೊಡೆಲೀವ.
ಹೇಗೂ ಬಿಚ್ಚುತ್ತೀರಲ್ಲ,
ಹೊಸ ಕ್ಲಾಕು, ಹೊಸ ಆಪ್-ಆಂಪು, ಏನೇನಿದೆಯೋ ಎಲ್ಲ ಹಾಕಿಬಿಡಿ.
ದುಡ್ಡಿನ ಮುಖ ನೋಡಬೇಡಿ."
ಹಾಗೆನ್ನುವವರ ಮುಖವನ್ನು
ನಾನು ಸ್ವಲ್ಪ ಹೊತ್ತು ಜಾಸ್ತಿಯೇ ನೋಡುತ್ತೇನೆ.
"ನೋವಿಲ್ಲದ ಹಲ್ಲನ್ನೂ ಕೀಳುತ್ತೀರಾ ಡಾಕ್ಟರೇ?"
ನಕ್ಕರು. ಆದರೂ ಚೀಟಿಯಲ್ಲಿ ಬರೆದಿಟ್ಟೇ ಹೋದರು: ಕ್ಲಾಕು.

ಎಂಟು ತಿರುಪು. ಒಂದು ಬೇರೆ ಜಾತಿಯದು,
ಯಾರೋ ಮೊದಲೇ ಇಣುಕಿದ್ದಾರೆ.
ಮುಚ್ಚಳದಡಿ ಧೂಳು, ಬೆಕ್ಕಿನ ಬಿಳಿ ಕೂದಲು,
ಎರಕದ ಲೋಹದ ತೊಟ್ಟಿಲಲ್ಲಿ
ಲೇಸರಿನ ತೋಳು ಬೆರಳು ಸೋಕಿದರೆ ತೂಗುತ್ತದೆ,
ಗಾಜಿನ ಕಣ್ಣು ಇನ್ನೂ ತಿಳಿ.
ಈಗಿನವು ಪ್ಲಾಸ್ಟಿಕ್ಕು, ಐದು ವರ್ಷಕ್ಕೆ ಪೊರೆ.

ಬೋರ್ಡು ಮಗುಚಿದೆ.
ಮೂಲೆಯಲ್ಲೊಂದು ಹಸಿರು ಚುಕ್ಕೆ.

ನಮ್ಮ ಸಾಲಿನಲ್ಲಿ ಎಲ್ಲರದೂ ಕೆಂಪು,
ಕಂಪನಿ ಕೊಟ್ಟ ಬಣ್ಣ.
ನನ್ನ ಡಬ್ಬಿ ಒಣಗಿತ್ತು; ಚೀಲದಲ್ಲಿದ್ದ ಉಗುರುಬಣ್ಣ ತೆಗೆದೆ.
ಅಂಥ ಹಸಿರು ಹಚ್ಚುವ ಧೈರ್ಯ
ಆ ಇಡೀ ಕಾರ್ಖಾನೆಯಲ್ಲಿ ಇನ್ನೊಬ್ಬಳಿಗಿರಲಿಲ್ಲ.
ಚುಕ್ಕೆ ಅಂದರೆ: ನೋಡಿದ್ದೇನೆ, ಸರಿಯಿದೆ.

ಚುಕ್ಕೆಯಿಂದ ಒಂದು ಗೋಧಿಕಾಳಿನಷ್ಟು ದೂರ,
ಎರಡು ಬದಿಗೆ ಸೇತುವೆಯಾದ ಪುಟ್ಟ ರಿವೆಟ್ಟಿನ ಸುತ್ತ
ಬೆಸುಗೆ ಬೂದುಬಣ್ಣ, ಹೊಳಪಿಲ್ಲ.
ಭೂತಗನ್ನಡಿ ಹಿಡಿದರೆ ಕೂದಲೆಳೆಯ ಬಿರುಕು, ಪೂರಾ ಒಂದು ಸುತ್ತು.
ಬಿಸಿಗೆ ಬಾಯಿ ಬಿಡುತ್ತದೆ, ತಣ್ಣಗಾದರೆ ಮುಚ್ಚುತ್ತದೆ.

ಎಂಬತ್ತೇಳು, ಇಪ್ಪತ್ತೆರಡನೆಯ ವಾರ, ಅಂತ ಒತ್ತಿದ್ದಾರೆ.
ದಿನ ಒತ್ತಿಲ್ಲ. ಶುಕ್ರವಾರ ಅಂತಿಟ್ಟುಕೊಂಡಿದ್ದೇನೆ,
ನಾಲ್ಕಕ್ಕೆ ಐದೇ ನಿಮಿಷ,
ಗೇಟಿನಾಚೆ ರೆಮಿ ಮೊಪೆಡ್ಡು ಗುರುಗುಟ್ಟಿಸುತ್ತಿದ್ದಾನೆ.
ಮಂಗಳವಾರವೂ ಆಗಿರಬಹುದು,
ಯಾವ ರೆಮಿಯೂ ಇಲ್ಲದ, ಬರೀ ಬೇಸರದ ಮಂಗಳವಾರ.

ಅಂಗಡಿಯಲ್ಲಿ ನಾನೊಬ್ಬಳೇ.
ಆದರೂ ಕಳ್ಳನ ಮನಸ್ಸು ಹುಳ್ಳುಳ್ಳಗೆ:
ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದೆ.

ಹಳೆಯ ಸೀಸ ಹೀರಿ ತೆಗೆದೆ. ಸ್ಪಿರಿಟ್ಟಿನಲ್ಲಿ ಒರೆಸಿದೆ,
ಚುಕ್ಕೆಗೆ ತಾಕದ ಹಾಗೆ.
ಕಾವು ಇಟ್ಟು ಎಣಿಸಿದೆ: ಒಂದು, ಎರಡು,
ಮೂರು.
ಆವತ್ತು ಎರಡಕ್ಕೇ ಕೈ ಎತ್ತಿರಬೇಕು,
ಸಾಲಿನಲ್ಲಿ ಕೂತ ಯಾವಳೋ. ನಾನು ನೋಡಿದ್ದೇನೆ ಎಂದವಳು ನೋಡಿರಲಿಲ್ಲ.
ಕರಗಿದ್ದು ಸರ್ರನೆ ಹರಿದು ಕೂತಿತು,
ಕನ್ನಡಿ ಹಾಗೆ.

ಆಮೇಲೆ ಉಳಿದ ಕೆಲಸ:
ಕರೆಂಟಿನ ಕಡೆ ತಳ ಉಬ್ಬಿದ ಕೆಪಾಸಿಟರುಗಳನ್ನು ಕಿತ್ತೆ,
ದೊಡ್ಡ ಚಿಪ್ಪಿನ ಸುತ್ತ ಹದಿನಾಲ್ಕು ಹೊಸ ಪುಟಾಣಿಗಳನ್ನು ಕೂರಿಸಿದೆ.
ಕ್ಲಾಕು ಮುಟ್ಟಲಿಲ್ಲ.
ಸೆಕೆಂಡಿಗೆ ಕೋಟಿ ಚಿಲ್ಲರೆ ಸಲ ಮಿಡಿಯುತ್ತ
ಇಷ್ಟು ವರ್ಷ ಒಂದು ರಜೆ ಹಾಕದ ಹರಳು;
ಅದಕ್ಕೆ ಯಾವ ಮುಖ ಇಟ್ಟುಕೊಂಡು ನಿವೃತ್ತಿ ಕೊಡಲಿ?

ನಾಲ್ಕು ಗಂಟೆ ಬಿಸಿಗಿಟ್ಟು ಚೆಲ್ಲೊ ನುಡಿಸಿದೆ.
ಸಂಗೀತ ಕೇಳಿದೆ ಅಂದರೆ ಸುಳ್ಳು.
ಮಧ್ಯೆ ಸಂದು ಬಂದೀತೇ ಅಂತ ಕಾದೆ.
ಬರಲಿಲ್ಲ. ಕಾಫಿ ತಣ್ಣಗಾಗಿತ್ತು.

ಡಾಕ್ಟರು ಕಣ್ಣು ಮುಚ್ಚಿ ಕೂತು ಕೇಳಿದರು.
"ಬಾಸು ನೋಡಿ ಎಷ್ಟು ಬಿಗಿ! ನಾ ಹೇಳಲಿಲ್ಲವಾ, ಎಲ್ಲಾ ಕ್ಲಾಕಿನ ಮಹಿಮೆ."
"ಕ್ಲಾಕು ಹಳೆಯದೇ."
ಒಂದು ಗಳಿಗೆ ಬಾಯಿ ತೆರೆದೇ ಇತ್ತು;
ಕುರ್ಚಿಯಲ್ಲಿ ಕೂತವರದನ್ನು ಅವರು ದಿನಾ ನೋಡುವ ಹಾಗೆ.

ಬಿಲ್ಲಿನ ಮೇಲೆ ಬೆರಳಾಡಿಸುತ್ತ ಕೇಳಿದರು:
"ಇದೇನು, ಬೆಸುಗೆ ಒಂದು, ಎದುರಿಗೆ ಸೊನ್ನೆ?"
"ವಾರಂಟಿ" ಅಂದೆ.

ಮೂವತ್ತೇಳು ವರ್ಷವನ್ನು ಮನಸ್ಸಿನಲ್ಲೇ ಕಳೆದು ಕೂಡುತ್ತ ನಿಂತರು.
ಬೆನ್ನು ಬಾಗಿಸಿ ಎತ್ತಬೇಡಿ, ಮಂಡಿ ಮಡಚಿ, ಅಂತ ಹೇಳಿ
ಬಾಗಿಲು ಹಿಡಿದುಕೊಂಡೆ.