ಗ್ವಾಡಿ ಕಡೆಯ ಮುಖ

ಗ್ರಾನೈಟ್ ಕಂಪನಿಯವರು ಕೊಟ್ಟ ಕ್ಯಾಲೆಂಡರು,
ವರ್ಷ ಮುಗದ್ರೂ ಮೊಳಿಯಿಂದ ಇಳಿಸಿಲ್ಲ ನಾನು.
ಮಾರ್ಚಿನ ಹಾಳ್ಯಾಗ ಈಜಿಪ್ತಿನ ರಾಣಿ,
ಉದ್ದನ ಕುತಗಿ, ಹುಡುಕಿದ್ರೂ ಒಂದು ಸುಕ್ಕಿಲ್ಲ.
ನವೆಂಬರದಾಗ ರಾಜ,
ನಮ್ಮ ಇಳಕಲ್ಲಿನ ಕಲ್ಲಿಗೆ ದೊಡ್ಡಪ್ಪನಂಥಾ ಕೆಂಪು ಕಲ್ಲು.
ರೆಪ್ಪಿ ಜೋತಾವ, ತುಟಿಯ ತುದಿ ಇಳದಾವ,
ಕಿವಿ ಮಾತ್ರ ಮೊರದಷ್ಟು.
ರಾತ್ರಿ ನಿದ್ದಿಗೆಟ್ಟು ಊರು ಕಾದವನ ಮುಖ.
ಆದರ ಎದಿ ನೋಡ್ರಿ, ಇಪ್ಪತ್ತರ ಹುಡುಗಂದು!
ಮುದುಕನ ತಲಿ, ಹರೇದವನ ಮೈ,
ಯಾರು ಕೂಡಿಸಿದ್ರೋ, ಯಾಕ ಕೂಡಿಸಿದ್ರೋ,
ಉಳಿ ಹರಿತ ಮಾಡುವಾಗೆಲ್ಲಾ ಇದ ಲೆಕ್ಕ ನನಗ.

ಅಂಥಾದ್ರಾಗ ನೇಕಾರರ ಸಂಘದವರು ಬಂದ್ರು,
ಐದು ಮಂದಿ, ಒಂದ ಜೀಪು.
ತೀರಿಕೊಂಡ ಅಧ್ಯಕ್ಷ ಪರ್ವತಪ್ಪನ ಮೂರ್ತಿ ಆಗಬೇಕಂತ,
ಎದಿಮಟ, ಕೆಂಪು ಕಲ್ಲಾಗ,
ಆಫೀಸಿನ ಗ್ವಾಡಿಗೆ ಹಚ್ಚಿ ಇಡಾಕ.
ಕೊಟ್ಟದ್ದು ಪಾಸ್‌ಬುಕ್ಕಿನ ಫೋಟೋ,
ಅರ್ಧ ಮಾರಿ ಮ್ಯಾಲ ಬ್ಯಾಂಕಿನ ಸಿಕ್ಕಾ.
"ಸಿಡುಬಿನ ಕಲಿ ಬ್ಯಾಡ್ರಿ" ಅಂದ ಒಬ್ಬಾಂವ.
"ಹೆಗಲು ಎರಡೂ ಸಮ ಇರಲಿ."
"ಚೂರು ನಗಲಿ" ಅಂದ ಖಜಾಂಚಿ.
ಪರ್ವತಪ್ಪ ನಕ್ಕದ್ದು ಕಂಡವರು
ಈ ಊರಾಗ ಯಾರದಾರ?

ನಾನು ಅವನ್ನ ಕಂಡಾಂವ.
ಕುಣಿಮಗ್ಗದಾಗ ನಲವತ್ತು ವರ್ಷ ಕಾಲು ಇಳಿಬಿಟ್ಟು ಕುಂತು
ಲಾಳಿ ಒಗದು ಒಗದು ಎಡಹೆಗಲು ಜಗ್ಗಿತ್ತು,
ಎಳಿ ಎಣಿಸಿ ಎಣಿಸಿ ಕಣ್ಣು ಸಣ್ಣಾಗಿದ್ವು.
ಸಾಲ ಕೇಳಾಕ ಬಂದವರ ಮಾತು ತಲಿ ವಾರಿ ಮಾಡಿ ಕೇಳ್ತಿದ್ದ,
ಬಲಗಿವಿ ಒಂದ ಕೇಳ್ತಿತ್ತು ಅವಗ.
ಇದನ್ನೆಲ್ಲಾ ತಗದ್ರ ಉಳಿಯೂದೇನು?
ಪಟಕಾ.

ಮೊದಲ ಮಣ್ಣಾಗ ಖರೆ ಮುಖ ಮಾಡಿದೆ, ಒಂದೊಂದು ಕಲಿ
ಬೆರಳ ತುದೀಲೆ ಒತ್ತಿ ಒತ್ತಿ.
ಆಮ್ಯಾಲ ಪ್ಲಾಸ್ಟರು ಸವರಿದೆ. ತುಂಬಿಕೊಂಡ್ವು.
ಮಾರ್ಚಿನ ರಾಣೀದೂ ಹಿಂಗ ಅಂತ, ಮಗಳು ಓದಿ ಹೇಳ್ಯಾಳ:
ದೊಡ್ಡ ದವಾಖಾನಿ ಮಶೀನಿನ್ಯಾಗ ಇಟ್ಟು ನೋಡಿದ್ರ
ಒಳಗಿನ ಕಲ್ಲಾಗ ಬಾಯಿ ಹಂತ್ಯಾಕ ಗೆರಿ, ಮೂಗಿನ್ಯಾಗ ಗಂಟು;
ಮ್ಯಾಲಿನ ಗಾರೆ ಮುಚ್ಚಿ ಮಾನ ಕಾದೈತಿ.
ನಮ್ಮ ಕೆಂಪು ಕಲ್ಲು ಹಂಗಲ್ಲ.
ತಗದದ್ದು ತಗದದ್ದ.
ಒಂದ ಮುಖ ಕೊಡತೈತಿ, ಎರಡು ಕೇಳಬ್ಯಾಡ ಅಂತೈತಿ.

ಸಂಘದ ಮುಖಾನ ಕೊರದೆ.
ರೊಕ್ಕ ಅವರದು, ನನ್ನ ಮನ್ಯಾಗ ಗ್ಯಾಸು ಮುಗದಿತ್ತು.
ನಕ್ಕ ಪರ್ವತಪ್ಪ. ಹೆಗಲು ತಕ್ಕಡಿ ಹಂಗ.

ಒಯ್ಯೂ ಹಿಂದಿನ ಸಂಜಿ ಅವನ ಹೆಣತಿ ನಾಗಲಿಂಗವ್ವ
ಒಬ್ಬಾಕಿನ ಬಂದ್ಲು.
ಗೋಣಿತಟ್ಟು ಸರಿಸಿ ನೋಡಿದ್ಲು, ಬಾಳ ಹೊತ್ತು.
"ಯಾರಪಾ ಮೌನೇಶಾ ಇಂವಾ?
ಕನ್ಯಾ ನೋಡಾಕ ಇಷ್ಟು ಚಂದನ್ನಾಂವ ಬಂದಿದ್ರ
ನಾ ಒಲ್ಲೆ ಅಂತಿದ್ದೆ."
ನಾನು ಸುಮ್ಮನ ಉಳಿ ಒರಸಿದೆ.
ಆಕಿ ಸುತ್ತ ಬಂದ್ಲು, ಗುಡಿ ಸುತ್ತಿದಂಗಲ್ಲ,
ಸಂತ್ಯಾಗ ಎಮ್ಮಿ ನೋಡಿದಂಗ.
ಹಿಂದ ನಿಂತು ಕೈ ಇಟ್ಲು.

ಅಲ್ಲಿ, ಪಟಕಾದ ಕೆಳಗ ಕುತಗಿ ಮ್ಯಾಲ
ಹುಣಸಿ ಬೀಜದಷ್ಟು ಗಂಟು.
ಅದರ ಕೆಳಗ ಎಡಬೆನ್ನು ಜಾರಿ ಇಳದಿತ್ತು,
ಮುಂದಿನಿಂದ ಕಾಣದಷ್ಟ.
ಹಜಾಮನ ಅಂಗಡ್ಯಾಗ ನನ್ನ ಪಾಳಿ ಬರೂತನಕ
ಎಷ್ಟೋ ಆಯಿತವಾರ ನೋಡಿದ ಬೆನ್ನದು.
ಅದಕ್ಕ ಯಾರೂ ಫೋಟೋ ಕೊಟ್ಟಿರಲಿಲ್ಲ,
ಯಾರೂ ಬ್ಯಾಡ ಅಂದಿರಲಿಲ್ಲ.

ಎಣ್ಣಿ ತಿಕ್ಕಿದ ಕೈಗೆ ಮರವಿಲ್ಲ.
ಬೆರಳು ಗಂಟಿನ ಮ್ಯಾಲ ಬಂದು ನಿಂತ್ವು.
"ಗ್ವಾಡಿಗೆ ಹಚ್ಚತಾರನು ಇದನ್ನ?"
"ಹೂಂರಿ."
"ಗೇಣು ಜಾಗಾ ಬಿಡು ಅನ್ನು," ಅಂದ್ಲು,
"ಕೈ ಹೋಗುವಷ್ಟು."

ಆಕಿ ಹೋದಮ್ಯಾಲ
ನವೆಂಬರದ ರಾಜನ ಬೆನ್ನು ಹೆಂಗೈತೋ ಅಂತ
ಹಾಳಿ ಎತ್ತಿ ನೋಡಿದೆ.
ಡಿಸೆಂಬರ.