ಇನ್ನೂ ಎರಡು ಡಿಗ್ರಿ

ನೆವಾಡಾದಲ್ಲಿ ಬೆಳಗಿನ ನಾಲ್ಕೂವರೆ.
ಪಿಕಪ್ಪಿನ ಬಾನೆಟ್ಟಿನ ಮೇಲೆ ನಕ್ಷೆ ಹರಡಿ
ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟಿದ್ದೇನೆ.
ಕಾಗದದ ಪ್ರಕಾರ ಈ ಕಣಿವೆ ತಾಳುವುದು
ನೂರ ಹತ್ತು ಕುದುರೆ.
ಇರುವುದು ನಾನೂರ ಹದಿನೇಳು.
ಎಣಿಸಿದವಳು ನಾನೇ,
ಮಾರ್ಚಿಯಲ್ಲಿ, ಸಣ್ಣ ವಿಮಾನದ ಕಿಟಕಿಗೆ ಹಣೆಯೊತ್ತಿ,
ಮಡಿಲಲ್ಲಿ ವಾಂತಿಯ ಚೀಲ ಇಟ್ಟುಕೊಂಡು.

ಹುದ್ದೆಯ ಹೆಸರು ಉದ್ದ.
ಕಾಡು ಕುದುರೆ ಮತ್ತು ಕತ್ತೆಗಳ ನಿರ್ವಹಣಾ ತಜ್ಞೆ.
ಬ್ಯಾಂಕಿನ ಫಾರಮ್ಮಿನ ಚೌಕಗಳು ಸಾಲುವುದಿಲ್ಲ;
'ಕಾಡು ಕುದುರೆ' ಎಂಬಲ್ಲಿಗೆ ಮುಗಿದು
ಗುಮಾಸ್ತೆ ತಲೆಯೆತ್ತಿ ನನ್ನನ್ನೊಮ್ಮೆ ನೋಡುತ್ತಾಳೆ.

ಕುರಿಯ ಬೆನ್ಯಾಟ್ ಇಥುರಾಲ್ಡೆ ಬೈಯುತ್ತಾನೆ,
ನನ್ನ ಹುಲ್ಲು ಮೇಯಿಸಿ ಅವನ್ನು ಸಾಕಿದ್ದು ನೀನು ಎಂದು.
ಬೇಲಿಯಾಚೆ ಕ್ಯಾಮೆರಾ ಹಿಡಿದ ಆಡ್ರಾ ಕೂಗುತ್ತಾಳೆ,
ಅವನ್ನು ಮುಗಿಸಿದ್ದು ನೀನು ಎಂದು.
ಇಬ್ಬರಿಗೂ ನನ್ನ ಹೆಸರು ಗೊತ್ತು.
ಇಬ್ಬರೂ ಕರೆಯುವುದು 'ಸರ್ಕಾರ' ಎಂದು.

ಕತ್ತೆಗೇನು ಗೊತ್ತು ಎನ್ನುವವರು
ಒಮ್ಮೆ ದಕ್ಷಿಣದ ಒಣ ಹಳ್ಳಕ್ಕೆ ಬರಬೇಕು.
ಮುದಿ ಹೆಣ್ಣುಗತ್ತೆಯೊಂದು
ಮುಂಗಾಲಲ್ಲಿ ಮರಳು ಕೆದರಿ ಕೆದರಿ
ಎದೆಮಟ್ಟ ಇಳಿದು ನಿಂತಿರುತ್ತದೆ.
ತಳದಲ್ಲಿ ಬೊಗಸೆಯಷ್ಟು ಕಂದು ನೀರು.
ಅದು ಕುಡಿದು ಹೋದ ಮೇಲೆ ಬರುತ್ತವೆ
ಹಕ್ಕಿ, ನರಿ, ಜೇನು,
ರೇಡಿಯೇಟರ್ ಕುದ್ದು ನಿಂತ ಒಂದು ಮಧ್ಯಾಹ್ನ
ನಾನೂ.

ಏಳಕ್ಕೆ ಹೆಲಿಕಾಪ್ಟರಿನ ಸದ್ದು.
ಆಮೇಲೆ ದಿಬ್ಬದ ಹಿಂದಿನಿಂದ ಧೂಳು. ಆಮೇಲೆ ಅವು.
ಗೋಣಿಬಟ್ಟೆಯ ಎರಡು ಗೋಡೆ
ಅಗಲವಾಗಿ ಬಾಯಿ ತೆರೆದು ಹೋಗ್ತಾ ಹೋಗ್ತಾ
ಕಿರಿದಾಗುತ್ತವೆ.
ಆ ಬಾಯಲ್ಲಿ ವೆಂಡೆಲ್ ಹಗ್ಗ ಹಿಡಿದು ಕೂತಿದ್ದಾನೆ,
ಹಗ್ಗದ ತುದಿಗೆ ನಮ್ಮ ಡೀಕನ್.

ಡೀಕನ್ನೂ ಈ ಕಣಿವೆಯವನೇ.
ಹನ್ನೊಂದು ವರ್ಷದ ಹಿಂದೆ ಅವನ ಎಡಗತ್ತಿನ ಕೂದಲು ಬೋಳಿಸಿ
ಕೊರೆವ ಕಬ್ಬಿಣ ಒತ್ತಿದ್ದೆ.
ಸುಡುವುದಿಲ್ಲ ಅದು, ಹೆಪ್ಪುಗಟ್ಟಿಸುತ್ತದೆ.
ಒತ್ತಿದಲ್ಲಿ ಮತ್ತೆ ಬೆಳೆದ ಕೂದಲು ಬೆಳ್ಳಗೆ.
ಕತ್ತಲಲ್ಲೂ ಆ ಅಂಕೆ ಓದಬಹುದು.
ಈಗ ಅವನ ಕೆಲಸ ಇಷ್ಟೆ:
ಹಗ್ಗ ಬಿಟ್ಟ ಕೂಡಲೆ ಮುಂದೆ ಓಡುವುದು.
ಹಿಂದಿನವು ಓಡುತ್ತವೆ, ಇವನಿಗೆ ದಾರಿ ಗೊತ್ತೆಂದು.
ಗೊತ್ತಿರುವುದೂ ನಿಜ.
ಕೊನೆಯಲ್ಲಿ ಓಟ್ಸಿನ ಡಬ್ಬ.

ಮೂವತ್ತೊಂದು ಒಳಗೆ ಬಂದವು.
ಒಂದು ಬರಲಿಲ್ಲ.
ಬೂದುಬಣ್ಣದ ಹೆಣ್ಣು, ಪಕ್ಕೆಲುಬು ಎಣಿಸಬಹುದು;
ನನ್ನ ಪಟ್ಟಿಯಲ್ಲಾದರೆ ಒಂಬತ್ತಕ್ಕೆ ಮೂರು ಅಂಕ.
ಗೋಣಿಯ ಗೋಡೆ ಶುರುವಾಗುವಲ್ಲಿ ಕಾಲೂರಿ ನಿಂತು
ಡೀಕನ್ನನ ಬೆನ್ನನ್ನೇ ನೋಡಿತು.
ಕೆನೆಯಲಿಲ್ಲ, ಬೆದರಲಿಲ್ಲ.
ಅಂಗಡಿಯವನ ತಕ್ಕಡಿ ನೋಡುವ ಮುದುಕಿಯ ಹಾಗೆ
ನೋಡಿತು ಅಷ್ಟೆ.
ತಿರುಗಿ ನಡೆಯಿತು.
ಓಡಲೂ ಇಲ್ಲ, ನಡೆಯಿತು.

ರೇಡಿಯೋದಲ್ಲಿ ಪೈಲಟ್: ಇನ್ನೊಂದು ಸುತ್ತು ಹೋಗಲಾ?

ಬಿಸಿಲು ಗೆರೆ ದಾಟಿದರೆ ಓಡಿಸುವಂತಿಲ್ಲ, ನಿಯಮ.
ತಾಪಮಾಪಕ ನೋಡಿದೆ.
ಇನ್ನೂ ಎರಡು ಡಿಗ್ರಿ ಬಾಕಿಯಿತ್ತು.
ವೆಂಡೆಲ್ ನನ್ನ ಕೈಯನ್ನೇ ನೋಡುತ್ತಿದ್ದ.
'ಬಿಸಿಲೇರಿತು,' ಎಂದೆ. 'ಇಳಿಸು.'

ವೆಂಡೆಲ್ ಟೋಪಿ ಸರಿಮಾಡಿಕೊಂಡ. ಏನೂ ಹೇಳಲಿಲ್ಲ.
ಆಡ್ರಾಳ ಕ್ಯಾಮೆರಾ ಆಗ ಬೇರೆಲ್ಲೋ ತಿರುಗಿತ್ತು.
ಬೆನ್ಯಾಟನಿಗೆ ತಿಳಿದರೆ
ವಾರವಿಡೀ ಕಾಫಿ ಅಂಗಡಿಯಲ್ಲಿ ಅದೇ ಮಾತು.

ಕರುಣೆ ಎನ್ನಬೇಡಿ.
ಹುಲ್ಲಿಲ್ಲದ ಕಣಿವೆಯಲ್ಲಿ ಬಿಟ್ಟಿದ್ದೇನೆ ಅದನ್ನು,
ಹಲ್ಲು ಸವೆದ, ಒಂಬತ್ತಕ್ಕೆ ಮೂರರ ಪ್ರಾಣಿಯನ್ನು.
ಲಾರಿ ಹತ್ತಿದವಕ್ಕೆ ಇಂದು ರಾತ್ರಿ ಹುಲ್ಲಿದೆ, ನೆರಳಿದೆ,
ಕತ್ತಿನ ಮೇಲೆ ಬೆಳ್ಳಗಾಗಲಿರುವ ಅಂಕೆಯಿದೆ.

ಸಂಜೆ ವರದಿ ಬರೆದೆ. ಹಿಡಿದದ್ದು ಮೂವತ್ತೊಂದು.
ಸತ್ತದ್ದು, ಸೊನ್ನೆ. ಗಾಯ, ಒಂದು, ವೆಂಡೆಲ್‌ನ ಹೆಬ್ಬೆರಳು.
ಷರಾ ಎಂಬ ಕಡೆ ಪೆನ್ನು ಸ್ವಲ್ಪ ಹೊತ್ತು ನಿಂತು
'ಬಿಸಿಲು' ಎಂದಷ್ಟೇ ಬರೆಯಿತು.

ಮುಂದಿನ ತಿಂಗಳು ಮೇಲಿನ ಬುಗ್ಗೆ ಬತ್ತುತ್ತದೆ.
ಗೊತ್ತು ನನಗೆ.
ಟ್ಯಾಂಕರಿನಲ್ಲಿ ಆ ಕಲ್ಲುದಾರಿ ಹತ್ತಿ
ತೊಟ್ಟಿಗೆ ನೀರು ಸುರಿಯುವವಳೂ ನಾನೇ,
ಸುರಿದು, ಎಂಜಿನ್ ಆರಿಸಿ,
ದೂರದಲ್ಲಿ ಬೂದು ಬಣ್ಣದ್ದು ಏನಾದರೂ ಅಲುಗುತ್ತದೋ ಎಂದು
ಕಾಯುವವಳು.