ಹಣೆಯಳತೆ

ಹೆಸರು ಮರೆಯುತ್ತೇನೆ, ಹಣೆ ಮರೆಯುವುದಿಲ್ಲ.
ಬಿಡಕಿಬೈಲಿನ ಸಂತೆಯಲ್ಲಿ ಯಾರಾದರೂ ನಕ್ಕು ಮಾತಾಡಿಸಿದರೆ
ಮೊದಲು ನೆನಪಾಗುವುದು
ಏಳು ಬೆರಳು, ಏಳೂವರೆ ಬೆರಳು,
ಎಡಹುಬ್ಬಿನ ಮೇಲಿನ ಸಣ್ಣ ಗಾಯದ ಕಲೆ.
ಓ, ಇವಳು ಹದಿನಾರು ವರ್ಷದ ಹಿಂದಿನ ವೈಶಾಖದವಳು.

ಶಿರಸಿಯ ಗುಡಿಗಾರರ ಮನೆಗೆ ಸೊಸೆಯಾಗಿ ಬಂದಾಗ
ಮಾವ ಭರಮಪ್ಪ ನನ್ನ ಕೈಗೆ ಕತ್ತಿ ಕೊಡಲಿಲ್ಲ.
ಬೆಂಡು ಕೊಟ್ಟರು, ಬರೀ ಬೆಂಡು,
"ಹಿಡಿದುಕೊಂಡು ಕೂತಿರು" ಅಂದರು.
ಮೂರು ದಿನ ಹಿಡಿದೆ. ಏನೂ ಹಿಡಿದಂತಿರಲಿಲ್ಲ.
ನಾಲ್ಕನೆಯ ದಿನ ಕತ್ತಿ.

ಕೆರೆಯಂಚಿನ ಕೆಸರಲ್ಲಿ ಸೊಂಟಮಟ್ಟ ಮುಳುಗಿ ಬೆಳೆವ ಗಿಡ.
ಒಣಗಿಸಿ, ಕಂದು ಸಿಪ್ಪೆ ಹೆರೆದು,
ಮಣೆಯ ಮೇಲೆ ಉರುಳಿಸುತ್ತ ಅಲಗು ತಾಗಿಸಿದರೆ
ಸುರುಳಿ ಬಿಚ್ಚಿಕೊಂಡು ಬರುತ್ತದೆ ಬಿಳಿ ಹಾಳೆ.
ಉಸಿರು ಬಿಗಿಹಿಡಿದು ಕೊಯ್ಯಬೇಕು:
ಕೆಮ್ಮಿದರೆ ಒಂದು ಮಲ್ಲಿಗೆ ಕಡಿಮೆ.
ಹುಣಸೆಬೀಜದ ಅಂಟು, ಬೇಗಡೆ, ಗುಲಾಬಿ ಬಣ್ಣದ ಅಂಚು,
ಹಾಲಕ್ಕಿ ಮದುಮಗನಿಗೆ ಒಂದು ತರಹದ ಬಾಸಿಂಗ,
ನಾಮಧಾರಿಗಳಿಗೆ ಇನ್ನೊಂದು;
ತಪ್ಪಿದರೆ ಬೀಗರು ಚಪ್ಪರದಲ್ಲೇ ಜಗಳ ತೆಗೆಯುತ್ತಾರೆ.
ಅರ್ಧ ದಿನದ ಕಿರೀಟ. ಆಮೇಲೆ ಜಂತಿಗೆ ಸಿಕ್ಕಿಸುತ್ತಾರೆ,
ಹೊಗೆ ಕುಡಿದು ಕಪ್ಪಾಗುತ್ತದೆ.
ನನಗೆ ಬೇಸರವಿಲ್ಲ. ದುಡ್ಡು ಬಂದಾಗಿರುತ್ತದೆ.

ಮೊನ್ನೆ ಕಾರವಾರದ ಬಸ್ಸಿಳಿದು ಬಂದವರು ಇನಾಸ್ ಲೋಪಿಸ್,
ಜತೆಗೆ ಮಗಳು ಸೆರಾಫಿನಾ.
ರೆಕ್ಸಿನ್ ಚೀಲದಿಂದ ಹೊರಬಂತು
ಬ್ರಿಟಿಷರ ಕಾಲದ ಖಾಕಿ ಟೋಪಿ, ಕಿವಿ ಹರಿದ ನಾಯಿಯ ಹಾಗೆ.
"ನಮ್ಮೂರಲ್ಲಿ ಟೋಪಿ ಹಾಕುವವರು ಬೇಕಾದಷ್ಟು ಬಾಯೇ,
ರಿಪೇರಿ ಮಾಡುವವರು ಒಬ್ಬರೂ ಇಲ್ಲ."
ತಾವೇ ನಕ್ಕರು. ಮಗಳು ನಗಲಿಲ್ಲ.
ಮುಂದಿನ ತಿಂಗಳು ಇಗರ್ಜಿಯಲ್ಲಿ ಅವಳ ಮದುವೆ.
ಮುತ್ತಜ್ಜನ ಈ ಟೋಪಿಗೇ ಬಿಳಿಯ ಬಲೆ ಕಟ್ಟಿಸಿ
ತಲೆಗಿಟ್ಟು ನಡೆಯುತ್ತಾಳಂತೆ.
ತಾಯಿ ಮಾತು ಬಿಟ್ಟು ಮೂರು ದಿನವಾಯಿತಂತೆ.

ಇಲಿ ಕಡಿದ ಕಡೆ ಬಟ್ಟೆ ಸರಿಸಿದೆ.
ಬೆಂಡು.
ಹಳದಿಗಟ್ಟಿದ, ಎಲ್ಲಿಯದೋ ಕೆರೆಯ,
ಯಾರದೋ ಅಲಗು ತಾಗಿದ ಬೆಂಡು.
ಉಗುರೊತ್ತಿದೆ. ಗುರುತು ಸಿಕ್ಕಿತು,
ತವರಿನವರನ್ನು ಪರಊರ ಬಸ್ ಸ್ಟ್ಯಾಂಡಿನಲ್ಲಿ ಕಂಡಂತೆ.
ಮೊದಲು ಅದನ್ನು ಹಾಕಿಕೊಂಡ ದೊರೆಗೆ ಗೊತ್ತಿತ್ತೋ ಇಲ್ಲವೋ,
ಬಿಸಿಲಿಗೆಂದು ಅವನು ಹೊತ್ತದ್ದೂ ಕೆಸರಿನ ಗಿಡವನ್ನೇ.

ಚರ್ಮದ ಪಟ್ಟಿ ಬಿಡಿಸಿದಾಗ ಒಳಗೆ
ಮಡಚಿ ಮಡಚಿ ಇಟ್ಟ ಕಾಗದ:
ಯಾವುದೋ ಮಚವೆಯ ಸರಕಿನ ಪಟ್ಟಿ,
ಹೆಂಚು ಎರಡು ಸಾವಿರ, ಒಣಮೀನು ಹದಿನೆಂಟು ಬುಟ್ಟಿ,
ಮುಂದಿನದು ಬೆವರಿಗೆ ಅಳಿಸಿದೆ.
ಬಂದರು ಕಚೇರಿಯ ಜವಾನನಿಗೆ
ದೊರೆ ಬಿಟ್ಟುಹೋದ ಟೋಪಿ. ದೊರೆಯ ತಲೆ ದೊಡ್ಡದು.
ಎರಡು ಬೆರಳಿನ ವ್ಯತ್ಯಾಸವನ್ನು
ಜವಾನ ಕಾಗದದಿಂದ ತುಂಬಿಕೊಂಡಿದ್ದ.
ಮನೆಯವರು ಕಾಪಾಡಿದ್ದು ಟೋಪಿಯನ್ನು;
ಅವನ ತಲೆ ಇದ್ದದ್ದು ಈ ಮಡಿಕೆಗಳಲ್ಲಿ.

ಕಾಗದ ತೆಗೆದು ದೀಪದ ಗೂಡಿನಲ್ಲಿಟ್ಟೆ.
ಹೊಸ ಬೆಂಡಿನ ತೇಪೆ ಹಾಕಿದೆ, ಪಟ್ಟಿ ಹೊಲಿದೆ,
ಬಲೆ ಹಿಡಿದಿಡಲು ಅಂಚಿಗೆ ಮಲ್ಲಿಗೆ, ಐದೇ ಐದು.
ಬೇಗಡೆ ಬೇಡವೆಂದಳು. ಬೇಡವಾದರೆ ಬೇಡ.

ಆದಿತ್ಯವಾರ ತಲೆಗಿಟ್ಟುಕೊಂಡಳು:
ಜಾರಿ ಮೂಗಿನ ಮೇಲೆ ಕೂತಿತು.
ಮೂವತ್ತು ವರ್ಷ ಹಣೆಯನ್ನಷ್ಟೇ ಅಳೆದವಳು ನಾನು,
ತಲೆಗೊಂದು ಹಿಂಬದಿಯಿದೆ ಎಂಬುದು ಹೊಳೆದಿರಲೇ ಇಲ್ಲ!
ಟೋಪಿಯ ಒಳಗಿನಿಂದಲೇ ಕೇಳಿದಳು ಹುಡುಗಿ,
"ಚಿಕ್ಕಂದಿನಲ್ಲಿ ಹಾಕಿ ಆಡುವಾಗ
ಹಿಂದೆ ಏನೋ ಚುಚ್ಚುತ್ತಿತ್ತಲ್ಲ, ಅದೆಲ್ಲಿ?"

ಗೂಡಿನಿಂದ ತಂದೆ. ಎಷ್ಟು ಮಡಿಕೆ ಎಂದು ಎಣಿಸಬೇಕಾಗಲಿಲ್ಲ,
ಹಳೆಯ ಗೆರೆಗಳಲ್ಲಿ ಅದು ತಾನಾಗಿ ಮಡಚಿಕೊಂಡಿತು.
ಈಗ ಕೂತಿತು.
ಅವಳು ಕನ್ನಡಿ ಕೇಳಿದಳು.
ಇನಾಸ್ ಬಾಗಿಲ ಕಡೆ ತಿರುಗಿ ಕೆಮ್ಮಿದರು.
ಪುಣ್ಯ, ಆಗ ನನ್ನ ಕೈಯಲ್ಲಿ ಕತ್ತಿ ಇರಲಿಲ್ಲ.